ಮುತ್ತುಗದ ಪರಿಮಳ ಮಣ್ಣಿಗೆ ಹೋದದ್ದು

ಒಂದು ಮರದ ಅರ್ಧ ಪರಿಮಳ ಕೊಟ್ಟು ಒಂದು ಎತ್ತಿನ ಜೀವ ಬಿಡಿಸಿಕೊಳ್ಳುವುದು. ವ್ಯಾಪಾರ ಇಷ್ಟೇ ಇತ್ತು. ಅರ್ಧ ಎಂದು ಮಾತಾಗಿದ್ದು ಪೂರ್ತಿ ಹೇಗೆ ಹೋಯಿತು ಎನ್ನುವುದು ಆಮೇಲಿನ ಮಾತು. ಮೊದಲು ವ್ಯಾಪಾರಕ್ಕೆ ಕೂತವರು ಯಾರು ಎಂದು ತಿಳಿಯಬೇಕು.

ಆಗ ಜಗತ್ತಿನ ಹಸಿ ಇನ್ನೂ ಆರಿರಲಿಲ್ಲ. ಬೆಟ್ಟಗಳ ಅಂಚು, ಈಗಷ್ಟೇ ತಿಗರಿಯಿಂದ ಇಳಿಸಿದ ಗಡಿಗೆಯ ಅಂಚಿನ ಹಾಗೆ ಮೆತ್ತಗಿತ್ತು. ಗಾಳಿ ಮಾತಾಡುತ್ತಿತ್ತು, ಹಳ್ಳ ಮಾತಾಡುತ್ತಿತ್ತು, ಎತ್ತೂ ಮಾತಾಡುತ್ತಿತ್ತು. ಮಾತು ಬಂದವರಿಗೆ ಚೌಕಾಶಿಯೂ ಬರುತ್ತದೆ, ಅದನ್ನೂ ಮಾಡುತ್ತಿದ್ದವು.

ಗಿಡಮರಗಳಿಗೆ ಪರಿಮಳ ಹಂಚಿ ಮುಗಿದಿತ್ತು. ಎಲ್ಲಕ್ಕಿಂತ ದೊಡ್ಡ ಪಾಲು ಸಿಕ್ಕಿದ್ದು ಮುತ್ತುಗದ ಮರಕ್ಕೆ. ಅದರ ಹೂವು ಆಗ ಹಾಲಿನಷ್ಟು ಬಿಳಿ. ಒಂದು ಮರ ಅರಳಿದರೆ ಮೂರು ಊರಿನವರು ಮೂಗು ಎತ್ತಿ ನಿಲ್ಲುತ್ತಿದ್ದರು. ಮಣ್ಣಿಗೆ ಮಾತ್ರ ಯಾವ ವಾಸನೆಯೂ ಇರಲಿಲ್ಲ. ಮಳೆ ಬಂದರೆ ನೆನೆಯುತ್ತಿತ್ತು, ಬಿಸಿಲು ಬಿದ್ದರೆ ಒಣಗುತ್ತಿತ್ತು. ಅಷ್ಟೇ.

ಆ ಕಾಲದಲ್ಲಿ ಮಾಳವ್ವ ಎಂಬುವಳು ಹೇರಿನ ವ್ಯಾಪಾರ ಮಾಡುತ್ತಿದ್ದಳು. ಹನ್ನೆರಡು ಎತ್ತುಗಳ ಬೆನ್ನಿಗೆ ಹನ್ನೆರಡು ಹೇರು ಉಪ್ಪು ಹಾಕಿ ಕಡಲ ಕಡೆಯಿಂದ ಒಣನಾಡಿಗೆ ಹೋಗುವುದು, ಉಪ್ಪು ಕೊಟ್ಟು ಜೋಳವನ್ನೋ ಬೆಲ್ಲವನ್ನೋ ತೆಗೆದುಕೊಳ್ಳುವುದು. ಅವಳದು ಮಾತು ಕಡಿಮೆ, ಕಣ್ಣು ಚುರುಕು. ಎತ್ತುಗಳಲ್ಲಿ ಮುಂದಿನವನು ಕೆಂದ. ಅವನ ಕೊರಳ ಗಂಟೆ ಕೇಳಿ ಹಿಂದಿನ ಹನ್ನೊಂದು ನಡೆಯುತ್ತಿದ್ದವು. ಅವನು ನಿಂತರೆ ಹನ್ನೊಂದೂ ನಿಲ್ಲುತ್ತಿದ್ದವು.

ಒಂದು ಬೆಳಿಗ್ಗೆ, ಹಳ್ಳದ ದಂಡೆಯ ಮುತ್ತುಗದ ಮರದ ಕೆಳಗೆ, ಕೆಂದ ಏಳಲೇ ಇಲ್ಲ. ಹೊಟ್ಟೆ ನಗಾರಿಯಂತೆ ಉಬ್ಬಿತ್ತು. ಬೆನ್ನು ಮಾತ್ರ ಹರಕು ಚಾಪೆಯಂತೆ ಒಣಗಿತ್ತು.

"ಏಳೋ ಕೆಂದ. ಬಿಸಿಲು ಏರಾಕ ಹತ್ತೈತಿ," ಎಂದಳು ಮಾಳವ್ವ.

"ಏಳಾಕ ಆಗವಲ್ದವ್ವ."

"ನಿನ್ನೆ ಎರಡೆತ್ತಿನ ಮೇವು ತಿಂದೀಯಲ್ಲೋ!"

"ತಿಂದಾಂವ ನಾನು," ಎಂದ ಕೆಂದ. "ಉಂಡಾಂವ ನಾನಲ್ಲ."

ಮಾಳವ್ವ ಅವನ ಹೊಟ್ಟೆಗೆ ಕಿವಿ ಹಚ್ಚಿದಳು. ಒಳಗೆ ಪಂಕ್ತಿ ಕೂತು ಉಣ್ಣುವ ಸದ್ದು ಕೇಳಿಸಿತು. ಬಡಿಸುವ ಸದ್ದು, ನೆಕ್ಕುವ ಸದ್ದು, ತೇಗುವ ಸದ್ದು.

"ಯಾರದು ಒಳಗ?"

"ನಾವು," ಎಂದಿತು ಒಂದು ದಪ್ಪ ದನಿ. ಅದು ಜಂತುಹುಳಗಳ ಗೌಡನ ದನಿ. "ಇಲ್ಲೇ ಇರೋರು."

"ಎಂದು ಬಂದ್ರಿ?"

"ಹ್ವಾದ ಅಮಾಸಿಗೆ. ನಿಂತ ನೀರಿನ್ಯಾಗ ಇದ್ವಿ. ಇವ ಕುಡದ, ನಾವು ಇಳದ್ವಿ. ಮನಿ ಬೆಚ್ಚಗ ಐತಿ, ಊಟ ಹೊತ್ತಿಗೆ ಸರಿಯಾಗಿ ಬರ್ತೈತಿ. ನಿನಗೂ ಒಳ್ಳೇದಾಗಲವ್ವ."

"ಬಾಡಿಗಿ ಏನು ಕೊಡ್ತೀರಿ?"

ಒಳಗೆ ಎಲ್ಲರೂ ನಕ್ಕರು. ನಕ್ಕ ರಭಸಕ್ಕೆ ಕೆಂದ ನರಳಿದ.

"ಎಲೋ ಗೌಡ, ಈ ಮನಿ ಬಿದ್ರ ನೀವೂ ಬೀಳ್ತೀರಿ," ಎಂದಳು ಮಾಳವ್ವ.

"ಬೀಳೋತನಕ ಉಣ್ತೀವಿ. ಆಮ್ಯಾಲೆ ನಮ್ಮ ಮಕ್ಕಳು ಬ್ಯಾರೆ ಮನಿ ನೋಡ್ಕೋತಾರ. ಹೊರಗ ಇನ್ನೂ ಹನ್ನೊಂದು ನಿಂತಾವಲ್ಲ!"

ಮರದ ತುದಿಯಲ್ಲಿ ರಣಹದ್ದು ಕೂತಿತ್ತು. ಕೊರಳು ಚಾಚಿ ಕೆಳಗೆ ನೋಡಿತು. "ನನಗೇನೂ ಅವಸರ ಇಲ್ಲವ್ವ," ಎಂದಿತು ಮರ್ಯಾದೆಯಿಂದ. "ಮೂರು ದಿನ ಅಂತ ಹಿಡದೀನಿ. ನೀ ಇದ್ರೂ ನಡೀತದ, ಹ್ವಾದ್ರೂ ನಡೀತದ."

ಮಾಳವ್ವನಿಗೆ ಹದ್ದಿನ ಮೇಲೆ ಸಿಟ್ಟು ಬರಲಿಲ್ಲ. ಅದರ ವ್ಯಾಪಾರ ಅದರದು. ತನ್ನದನ್ನು ತಾನು ನೋಡಿಕೊಳ್ಳಬೇಕು. ಇರುವುದು ಮೂರು ದಿನ. ಅವಳು ಸೆರಗು ಬಿಗಿದುಕೊಂಡಳು.

ಮೊದಲು ಕೈಯಲ್ಲಿದ್ದ ಸರಕು. ಒಂದು ಹಿಡಿ ಉಪ್ಪು ಕದಡಿ ಕೆಂದನಿಗೆ ಕುಡಿಸಿದಳು.

"ಉಪ್ಪು ಬಂತ್ರೆಪಾ!" ಎಂದ ಒಳಗಿನ ಗೌಡ. "ಇಷ್ಟು ದಿನ ಸಪ್ಪಗ ಉಂಡಿದ್ವಿ."

ಆಮೇಲೆ ಹುಣಸೆಮರದ ಹತ್ತಿರ ಹೋಗಿ ಹುಳಿ ಕೇಳಿ ತಂದಳು. ಕಿವುಚಿ ಕುಡಿಸಿದಳು.

"ಹುಳೀನೂ ಬಂತು!" ಎಂದ ಗೌಡ. "ಇನ್ನೊಂದೀಟು ಖಾರ ಕಳಸವ್ವ, ಉಪ್ಪಿನಕಾಯಿ ಪೂರ್ತಿ ಆಗ್ತೈತಿ."

ಮಾಳವ್ವ ಹಳ್ಳದ ದಂಡೆಗೆ ಬಂದು ಕೂತಳು. ಹಳ್ಳ ಹರಿಯುತ್ತ ಹರಿಯುತ್ತಲೇ ಮಾತಾಡಿತು. ನಿಂತು ಮಾತಾಡುವ ಅಭ್ಯಾಸ ಅದಕ್ಕಿಲ್ಲ.

"ಹರಿಯೋ ನೀರು ಬಿಟ್ಟು ಹೊಂಡದ ನೀರು ಕುಡಿಸಿದಿ. ತಪ್ಪು ನಿಂದು."

"ಹೌದು. ಮುಂದ ಹೇಳು."

"ಹುಳಗಳನ್ನ ಕೇಳಿದ್ರ ಏನು ಬಂತು? ಅವರ ತಾಯೀನ ಕೇಳು. ಮಣ್ಣವ್ವನ ಮಕ್ಕಳು ಅವರು. ಮಕ್ಕಳು ಯಾವುದಕ್ಕ ಹೆದರ್ತಾವು ಅಂತ ತಾಯಿಗೆ ಗೊತ್ತಿರತೈತಿ."

ಮಾಳವ್ವ ಎದ್ದು, ಮರದ ಬುಡದಲ್ಲಿ ನೆಲಕ್ಕೆ ಕೈ ಊರಿ ಕೂತಳು. "ಮಣ್ಣವ್ವ, ಒಂದು ಮಾತು."

ಮಣ್ಣವ್ವ ನಿಧಾನವಾಗಿ ಬಾಯಿ ಬಿಟ್ಟಳು. ಬಿಟ್ಟಲ್ಲಿ ಒಂದು ಗೇಣು ಬಿರುಕು ಬಿತ್ತು. "ಹೇಳವ್ವ. ಎಲ್ಲಾರೂ ನನಗ ಕಾಲು ಕೊಟ್ಟು ಹೋಗ್ತಾರ. ಕೈ ಕೊಟ್ಟು ಮಾತಾಡಿಸಿದಾಕಿ ನೀನೇ."

"ನಿನ್ನ ಮಕ್ಕಳು ನನ್ನ ಎತ್ತಿನ ಹೊಟ್ಟಿ ಸೇರ್ಯಾರ."

"ಗೊತ್ತೈತಿ. ಹಿರಿಯಾಂವ ಎರೆಹುಳ ಹೊತ್ತು ಹುಟ್ಟಿದ್ರ ಹೊತ್ತು ಮುಳುಗೋತನಕ ನನ್ನ ಮೈಯಾಗ ದುಡೀತಾನ. ಈ ಕಿರಿಯಾವರು ಕುಂತು ಉಣ್ಣಾವರು. ಏನು ಮಾಡಲಿ, ಹೆತ್ತೀನಿ."

"ಅವರು ಹೋಗೋ ಹಂಗ ಏನಾರ ಸರಕು ಐತೇನು ನಿನ್ನ ಹತ್ರ?"

"ಐತಿ," ಎಂದಳು ಮಣ್ಣವ್ವ. "ಆಳದಾಗ ಒಂದು ಒಗರು ಇಟ್ಟೀನಿ. ಅದು ತಾಗಿದ್ರ ಅವರ ಹಿಡಿತ ಸಡಿಲ ಆಗ್ತೈತಿ. ಗ್ವಾಡಿ ಹಿಡಕೊಂಡು ಇರಾಕ ಆಗೂದಿಲ್ಲ, ಹೊರಗ ಬೀಳ್ತಾರ. ಆದ್ರ ನಾ ಅದನ್ನ ನಿನ್ನ ಕೈಯಾಗ ಕೊಡೂದಿಲ್ಲ. ಒಂದು ಗಿಡದ ಬೀಜದಾಗ ಇಡ್ತೀನಿ. ಅದೂ ಒಂದು ಕಾಯಿಗೆ ಒಂದೇ ಬೀಜ."

"ಒಂದೇ ಯಾಕ? ಹತ್ತು ಇಡು."

"ಹತ್ತು ಇಟ್ರ ನೀವು ಹತ್ತೂ ನುಂಗ್ತೀರಿ. ಆಮ್ಯಾಲೆ ಹುಳಾನೂ ಇರೂದಿಲ್ಲ, ಎತ್ತೂ ಇರೂದಿಲ್ಲ. ಎಷ್ಟು ಅಂತ ತಿಳದಾವರು ಅಳದು ಕೊಡಬೇಕು. ಇದು ನನ್ನ ಷರತ್ತು."

ಮಾಳವ್ವ ತಲೆಯಾಡಿಸಿದಳು. ಷರತ್ತು ಹಾಕುವವರು ಮಾತಿಗೆ ತಪ್ಪುವುದಿಲ್ಲ ಎಂದು ಅವಳಿಗೆ ಗೊತ್ತು. "ನಿನಗೇನು ಬೇಕು?"

"ಪರಿಮಳ," ಎಂದಳು ಮಣ್ಣವ್ವ. "ಗಿಡಗಳಿಗೆಲ್ಲ ಉಣ್ಣಾಕ ಹಾಕಾಕಿ ನಾನು. ಪರಿಮಳ ಅವರ ಪಾಲಿಗೆ, ತುಳಿಸಿಕೊಳ್ಳೋದು ನನ್ನ ಪಾಲಿಗೆ. ನನ್ನ ಕಡೆ ಯಾರೂ ಮೂಗು ತಿರುಗಿಸಿಲ್ಲ. ಒಂದು ಸಲ ತಿರುಗಿಸಬೇಕು."

ಪರಿಮಳ ಯಾರ ಹತ್ತಿರ ಹೆಚ್ಚಿದೆ? ತಲೆಯ ಮೇಲೆಯೇ ಇತ್ತು. ಮಾಳವ್ವ ಮುತ್ತುಗದ ಮರಕ್ಕೆ ಮುಖ ಎತ್ತಿದಳು.

"ಮುತ್ತುಗಣ್ಣ, ಕೇಳಿದೇನು?"

"ಕೇಳಿದೆ. ಆಗೂದಿಲ್ಲ," ಎಂದಿತು ಮರ. "ಎತ್ತು ನಿಂದು, ಹೊಟ್ಟಿ ಅವಂದು, ಹುಳಾ ಆಕೀವು. ಪರಿಮಳ ಮಾತ್ರ ನಂದು. ಇದ್ಯಾವ ನ್ಯಾಯ?"

"ನ್ಯಾಯದ ಮಾತು ಬಿಡು, ವ್ಯಾಪಾರದ ಮಾತು ಕೇಳು. ನಿನಗ ಮಕ್ಕಳೆಷ್ಟು?"

ಮರ ತನ್ನ ಬುಡದ ಕಡೆ ಬಗ್ಗಿ ನೋಡಿತು. ಸುತ್ತ ಒಂದು ಸಸಿಯೂ ಇರಲಿಲ್ಲ.

ಮಾಳವ್ವ ಕೆಳಗೆ ಬಿದ್ದಿದ್ದ ಹಳೆಯ ಕಾಯಿಯೊಂದನ್ನು ಬಿಡಿಸಿ ತೋರಿಸಿದಳು. ಒಳಗಿನ ಬೀಜಗಳೆಲ್ಲ ತೂತು. ಕೊರೆಹುಳ ತಿಂದು ಹಿಟ್ಟು ಮಾಡಿತ್ತು. "ನಿನ್ನ ಪರಿಮಳ ಊರಿಗೆಲ್ಲ ಡಂಗುರ ಹೊಡೀತೈತಿ. ಆ ಡಂಗುರ ಕೇಳಿ ಮೊದಲು ಓಡಿ ಬರೋರು ಇವರು. ಬೀಜದಾಗ ಮಣ್ಣವ್ವನ ಒಗರು ಇದ್ರ ಒಬ್ಬರೂ ಬಾಯಿ ಹಾಕೂದಿಲ್ಲ. ನನ್ನ ಎತ್ತೂ ಉಳೀತೈತಿ, ನಿನ್ನ ಮಕ್ಕಳೂ ಉಳೀತಾರ. ಪೂರ್ತಿ ಕೇಳೂದಿಲ್ಲ. ಅರ್ಧ ಕೊಡು."

ಮರ ಮೂರು ಎಲೆ ಉದುರಿಸಿತು. ಅದು ಯೋಚನೆ ಮಾಡುವ ರೀತಿ ಹಾಗೆ. "ಅರ್ಧ ಅಂದ್ರ ಅರ್ಧ," ಎಂದಿತು.

"ಅರ್ಧ ಅಂದ್ರ ಅರ್ಧ," ಎಂದಳು ಮಾಳವ್ವ.

ನೆಲದಲ್ಲಿ ಮಲಗಿದ್ದ ಕೆಂದ ಒಂದು ಕಣ್ಣು ತೆರೆದ. "ನನ್ನ ಹೊಟ್ಟಿ ಮ್ಯಾಲೆ ಇಷ್ಟು ಮಾತು ನಡದೈತಿ, ನನ್ನನ್ನ ಒಬ್ರೂ ಕೇಳಲಿಲ್ಲ."

"ಮಲ್ಕೋ ಸುಮ್ಮ. ನೀ ಸರಕು," ಎಂದಳು ಮಾಳವ್ವ. ಹೇಳುತ್ತಲೇ ಅವನ ಕಣ್ಣಿನ ನೊಣ ಓಡಿಸಿದಳು.

ಅಳೆಯುವುದಕ್ಕೆ ಗಾಳಿಯನ್ನು ಕರೆದರು. ಪರಿಮಳ ಹೊತ್ತು ಪಳಗಿದ್ದು ಅದೊಂದೇ. ಮರದಲ್ಲಿ ಹನ್ನೆರಡು ಕೊಳಗ ಪರಿಮಳ ಇತ್ತು. ಆರು ಕೊಳಗ ಮರಕ್ಕೆ, ಆರು ಕೊಳಗ ಮಣ್ಣಿಗೆ. ಗಾಳಿ ಕೊಂಬೆಯಿಂದ ತುಂಬಿ ತುಂಬಿ ನೆಲಕ್ಕೆ ಸುರಿಯಿತು. ಅಳೆಯುವವರು ಮೊದಲ ಕೊಳಗಕ್ಕೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಗಾಳಿಯೂ ಹಾಗೇ ಎಂದಿತು: "ಲಾಭ... ಎರಡು... ಮೂರು... ನಾಲ್ಕು... ಐದು... ಆರು."

ಅಳತೆ ಮುಗಿಯಿತು. ಸರಿಯಾಗಿತ್ತು. ಅಲ್ಲಿಗೆ ಎದ್ದಿದ್ದರೆ ಆಗಿತ್ತು.

ಆದರೆ ಮಾಳವ್ವ ಹುಟ್ಟು ವ್ಯಾಪಾರಿ. ಅಳತೆ ಮುಗಿದ ಮೇಲೆ ಕೊಸರು ಕೊಡದೆ ಅವಳು ಒಬ್ಬರನ್ನೂ ಕಳಿಸಿದವಳಲ್ಲ. ಒಂದು ಕೊಳಗ ಉಪ್ಪಿಗೆ ಮೇಲೊಂದು ಹಿಡಿ, ಎರಡು ಕೊಳಗಕ್ಕೆ ಒಂದು ಬೊಗಸೆ. ಗಿರಾಕಿ ಮತ್ತೆ ಬರುವುದು ಅಳತೆಗಲ್ಲ, ಆ ಕೊಸರಿಗೆ. ಬಾಯಿ ತನ್ನಷ್ಟಕ್ಕೆ ತಾನೇ ಅಂದುಬಿಟ್ಟಿತು: "ಕೊಸರು ಅಂತ ನಿನ್ನ ಕೈಯಾರೆ ಒಂದು ಬೊಗಸಿ ತಗೋ ಮಣ್ಣವ್ವ."

ಯಾರ ಬೊಗಸೆ ಎಂದು ನೋಡಬೇಕಿತ್ತು. ನೋಡಲಿಲ್ಲ.

ಮಣ್ಣವ್ವ ಎರಡೂ ಕೈ ಚಾಚಿ ಬೊಗಸೆ ಒಡ್ಡಿದಳು. ಒಂದು ಕೈ ಆಚೆ ಗುಡ್ಡದ ಬುಡದಲ್ಲಿ, ಇನ್ನೊಂದು ಕೈ ಈಚೆ ಹಳ್ಳದ ದಂಡೆಯಲ್ಲಿ. ಗಾಳಿ ಏಳನೆಯ ಕೊಳಗ ಸುರಿಯಿತು, ಎಂಟನೆಯದು ಸುರಿಯಿತು. ಬೊಗಸೆ ತುಂಬಲಿಲ್ಲ. ಹನ್ನೆರಡನೆಯದನ್ನೂ ಸುರಿದು ಗಾಳಿ ಕೊಳಗವನ್ನು ಬೋರಲು ಹಾಕಿತು. "ಮುಗೀತು," ಎಂದಿತು. "ಇನ್ನ ಕೊಂಬಿ ಅಷ್ಟೇ ಉಳದೈತಿ."

ಮರಕ್ಕೆ ಸಿಟ್ಟು ಬಂತು. ಬೇರಿನಿಂದ ತುದಿಯವರೆಗೆ ಅಲುಗಾಡಿತು. ಹದ್ದು ಸಮತೋಲ ತಪ್ಪಿ ಇನ್ನೊಂದು ಕೊಂಬೆಗೆ ಹಾರಿತು.

"ಅರ್ಧ ಅಂದಿದ್ದಿ!"

"ಅಂದಿದ್ದೆ."

"ಕೊಸರು ಕೊಡಾಕ ಅದೇನು ನಿನ್ನಪ್ಪನ ಗಂಟೇನು?"

"ಅಲ್ಲ," ಎಂದಳು ಮಾಳವ್ವ. "ನಿಂದು. ತಪ್ಪು ನಂದು."

"ಹಂಗಾದ್ರ ನಾ ಕಾಯಿ ಬಿಡೂದಿಲ್ಲ. ಬೀಜಾನೂ ಇಲ್ಲ, ಒಗರೂ ಇಲ್ಲ. ನಿನ್ನ ಎತ್ತು ಹದ್ದಿಗೆ."

ಹದ್ದು ರೆಕ್ಕೆ ಸರಿಮಾಡಿಕೊಂಡಿತು. ಕೆಂದನ ಉಸಿರು ಆಗಲೇ ಸಣ್ಣಗಾಗಿತ್ತು. ಅದು ಎರಡನೆಯ ದಿನದ ಮಧ್ಯಾಹ್ನ.

ಕೊಟ್ಟ ಕೊಸರನ್ನು ತಿರುಗಿ ಕೇಳಿದ ವ್ಯಾಪಾರಿಯ ಹತ್ತಿರ ಆಮೇಲೆ ಯಾರೂ ಉಪ್ಪು ಕೂಡ ಕೊಳ್ಳುವುದಿಲ್ಲ. ಅದು ಮಾಳವ್ವನಿಗೆ ಗೊತ್ತು. ಹಳೆಯ ವ್ಯಾಪಾರ ಮುರಿಯುವ ಹಾಗಿಲ್ಲ. ಹೊಸದು ಕುದುರಿಸಬೇಕು. ಅವಳು ಮತ್ತೆ ನೆಲಕ್ಕೆ ಕೈ ಊರಿದಳು.

"ಮಣ್ಣವ್ವ, ನಿನ್ನ ಒಡಲಾಗ ಕೆಂಪು ಐತಲ್ಲ, ಕೆಮ್ಮಣ್ಣಿನ ಕೆಂಪು. ಈ ಮರದ ಹೂವಿಗೆ ಸಾಲುವಷ್ಟು ಬೇಕು. ಉಪ್ಪು ಕೊಡ್ತೀನಿ."

"ಎಷ್ಟು?"

"ಎರಡು ಹೇರು."

"ಹನ್ನೆರಡೂ ಕೊಡು."

"ಹನ್ನೆರಡೂ ಕೊಟ್ರ ಕೆಂದ ಎದ್ದು ಏನು ಹೊರಬೇಕು? ನಿನ್ನ ಕೆಂಪು ಹೊರಬೇಕೇನು?"

ಮಣ್ಣವ್ವನಿಗೆ ನಗು ಬಂತು. ನಕ್ಕಾಗ ದಂಡೆಯ ಒಂದು ಮಗ್ಗುಲು ಹಳ್ಳಕ್ಕೆ ಜಾರಿತು. "ಆರು."

"ಮೂರು."

"ನಾಲ್ಕು ಕೊಡು, ಮುಗಸು."

"ನಾಲ್ಕು," ಎಂದಳು ಮಾಳವ್ವ. ಮಣ್ಣವ್ವ ಇನ್ನೂ ಕೈ ಮುಂದೆ ಹಿಡಿದೇ ಇದ್ದಳು. ಅದನ್ನು ನೋಡಿ ಮಾಳವ್ವ ಅವಸರದಲ್ಲಿ ಹೇಳಿದಳು, "ಕೊಸರು ಇಲ್ಲ."

ನಾಲ್ಕು ಹೇರು ಉಪ್ಪು ನೆಲಕ್ಕೆ ಸುರಿಯಿತು. ದನಗಳು ಇವತ್ತಿಗೂ ಎಲ್ಲೆಲ್ಲೋ ಮಣ್ಣು ನೆಕ್ಕುತ್ತ ನಿಲ್ಲುವುದು ಆ ಉಪ್ಪಿಗೇ ಎನ್ನುತ್ತಾರೆ.

ಕೆಂಪು ಬೇರಿಗೆ ಇಳಿಯಿತು, ಕಾಂಡಕ್ಕೆ ಏರಿತು, ಕೊಂಬೆಗೆ ಹರಿಯಿತು. ಬಿಳಿ ಹೂವು ಒಂದೊಂದೇ ಕೆಂಡವಾಯಿತು. ಸಂಜೆಯ ಹೊತ್ತಿಗೆ ಮರಕ್ಕೆ ಮರವೇ ಹೊತ್ತಿಕೊಂಡ ಹಾಗೆ ಕಾಣಿಸಿತು.

"ಇದನ್ನ ತಗೊಂಡು ನಾ ಏನು ಮಾಡಲಿ?" ಎಂದಿತು ಮರ. ದನಿಯಲ್ಲಿ ಸಿಟ್ಟು ಅರ್ಧ ಇಳಿದಿತ್ತು.

"ಕೇಳಿಲ್ಲಿ. ಪರಿಮಳ ಗಾಳಿ ಹೊತ್ಕೊಂಡು ಹೋಗೋ ಸರಕು. ಮೂರು ಊರಿನವರು ಬಿಟ್ಟಿ ಮೂಸ್ತಿದ್ರು, ಒಬ್ಬರಾದ್ರೂ ನಿನ್ನ ಬುಡಕ್ಕ ಬಂದಿದ್ರೇನು? ಬಣ್ಣ ಹಂಗಲ್ಲ. ಗಾಳಿ ಅದನ್ನ ಎತ್ತಾಕ ಆಗೂದಿಲ್ಲ. ಬೇಕಾದಾವರು ಅಂಗಡಿಗೇ ಬರಬೇಕು."

ಅವಳ ಮಾತು ಮುಗಿಯುವ ಮೊದಲೇ ದೂರದಿಂದ ಕೆಂಪು ಕಂಡ ಒಂದು ಗೊರವಂಕ ಬಂದು ಕೊಂಬೆಯ ಮೇಲೆ ಕೂತಿತು. ಹೂವಿನೊಳಗೆ ಕೊಕ್ಕು ಇಟ್ಟು ಜೇನು ಕುಡಿಯಿತು. ಆಮೇಲೆ ಎರಡು ಗಿಳಿ ಬಂದವು. ಆಮೇಲೆ ಒಂದು ಹಿಂಡೇ ಬಂತು. ಮರ ಕಾಯಿ ಕಟ್ಟಲು ಸುರು ಮಾಡಿತು.

ಆಗ ಹೊಸ ಜಗತ್ತು, ಎಲ್ಲಕ್ಕೂ ಅವಸರ. ಮೂರನೆಯ ದಿನ ಹೊತ್ತು ಹುಟ್ಟುವಷ್ಟರಲ್ಲಿ ಕಾಯಿ ಬಲಿತು ಒಣಗಿ ಕೆಳಗೆ ಬಿತ್ತು. ಚಪ್ಪಟೆ ಕಾಯಿ, ಹಾಳೆಯಷ್ಟು ಹಗುರ. ತುದಿಯಲ್ಲಿ ಮಾತ್ರ ಒಂದು ಬೀಜ. ಮಾಳವ್ವ ಬಾಯಿಗಿಟ್ಟು ನೋಡದೆ ಮೊದಲು ಮಣ್ಣವ್ವನನ್ನು ಕೇಳಿದಳು. ಒಂದು ಸಲ ಎಡವಿದ್ದು ಸಾಕಾಗಿತ್ತು.

"ಎತ್ತಿಗೆ ಎಷ್ಟು?"

ಮಣ್ಣವ್ವ ಹೇಳಿದಳು.

"ಮಕ್ಕಳಿಗೆ ಎಷ್ಟು?"

"ಅದನ್ನ ನಿನ್ನಂಥ ಉಪ್ಪಿನಾಕಿ ಕೇಳಬಾರದು. ಬಲ್ಲಾವರು ಕೇಳ್ತಾರ, ಅವರಿಗೆ ಹೇಳ್ತೀನಿ."

ಮಾಳವ್ವ ಬೀಜ ಅರೆದಳು. ಅದರ ಒಗರಿಗೆ ಕೆಂದ ಮುಖ ತಿರುಗಿಸಿದ. ಅವಳು ತನ್ನ ಬುತ್ತಿಯಲ್ಲಿದ್ದ ಬೆಲ್ಲದ ಉಂಡೆ ಮಾಡಿ ಒಳಗೆ ಅದನ್ನು ಹುದುಗಿಸಿ ಬಾಯಿಗೆ ತುರುಕಿದಳು.

"ಬೆಲ್ಲ ಬಂತ್ರೋ, ಬೆಲ್ಲ!" ಎಂದು ಗೌಡ ಒಳಗೆ ಕೂಗಿದ. ಮೂಲೆಯಲ್ಲಿದ್ದವರು, ಮಲಗಿದ್ದವರು, ಗೋಡೆಗೆ ಅಂಟಿದ್ದವರು, ಎಲ್ಲರೂ ಓಡಿ ಬಂದು ಮುತ್ತಿದರು. ಒಂದು ತುತ್ತು ತಿಂದರು. ಎರಡು ತುತ್ತು ತಿಂದರು.

"ಇದೇನೋ ಒಗರ ಐತಲ್ಲ..." ಎಂದ ಗೌಡ. ಆಮೇಲೆ, "ಯಾಕೋ ಹಿಡಿತ ಸಿಗವಲ್ದು." ಆಮೇಲೆ, "ಹಿಡಕೋರೋ! ಗ್ವಾಡಿ ಹಿಡಕೋರೋ!" ಆಮೇಲೆ ದನಿ ಕೇಳಿಸಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಅವರೆಲ್ಲರೂ, ಗೌಡನೂ ಸೇರಿ, ಹಿಂಬಾಗಿಲಿನಿಂದ ಹೊರಗೆ ಬಿದ್ದರು. ಮರ್ಯಾದೆಯಿಂದ ಬಿದ್ದರು ಎಂದು ಹೇಳುವಂತಿಲ್ಲ. ಮಣ್ಣವ್ವ ತನ್ನ ಮಕ್ಕಳನ್ನು ಒಳಗೆ ಕರೆದುಕೊಂಡಳು. "ಬಂದ್ರೇನು? ನಿಮ್ಮಣ್ಣ ಬೆಳಗಿನಿಂದ ದುಡಿಯಾಕ ಹತ್ಯಾನ, ಸ್ವಲ್ಪ ಕೈ ಹಚ್ರಿ," ಎಂದಳು. ಅವರು ಕೈ ಹಚ್ಚಲಿಲ್ಲ. ಈಗಲೂ ನೆಲದಲ್ಲಿ, ಕೊಳಕು ನೀರಿನಲ್ಲಿ, ಇನ್ನೊಂದು ಹೊಟ್ಟೆ ಯಾವಾಗ ಸಿಗುತ್ತದೆ ಎಂದು ಕಾಯುತ್ತಾರೆ. ಅದಕ್ಕೇ ಉಣ್ಣುವ ಮುಂಚೆ ಕೈ ತೊಳೆ ಎಂದು ಹಿರಿಯರು ಬಡಿದುಕೊಳ್ಳುವುದು.

ಕೆಂದ ಮೊದಲು ಮುಂಗಾಲು ಊರಿದ, ಆಮೇಲೆ ಹಿಂಗಾಲು. ಎದ್ದು ನಿಂತು ಮೈ ಕೊಡವಿದ. ಕೊರಳ ಗಂಟೆ ಅಲುಗಿತು. ಹನ್ನೊಂದು ಎತ್ತುಗಳೂ ಕಿವಿ ನಿಮಿರಿಸಿದವು.

"ಹಸಿವಾಗೇದವ್ವ," ಎಂದ ಕೆಂದ. "ಈ ಸಲ ನನಗ ಹಸಿವಾಗೇದ."

"ಆಯ್ತು, ತಿನ್ನು," ಎಂದಳು ಮಾಳವ್ವ. ಮುಖ ಆಚೆ ತಿರುಗಿಸಿ, ಬಿಗಿಯಾಗಿಯೇ ಇದ್ದ ಹೇರಿನ ಹಗ್ಗವನ್ನು ಇನ್ನೊಮ್ಮೆ ಬಿಗಿದಳು.

ಹದ್ದು ರೆಕ್ಕೆ ಬಿಚ್ಚಿತು. "ನನಗ ಈ ಊರು ಆಗಿಬರಲಿಲ್ಲ," ಎಂದು ಬೇರೆ ಕಡೆ ಹಾರಿತು.

ಮಾಳವ್ವ ಒಣನಾಡಿಗೆ ತಲುಪಿದ್ದು ಎಂಟು ಹೇರು ಉಪ್ಪಿನೊಂದಿಗೆ. ನಾಲ್ಕು ಹೇರು ಹೋಯಿತು, ಕೆಂದ ಉಳಿದ. ಮುತ್ತುಗದ ಹನ್ನೆರಡು ಕೊಳಗ ಪರಿಮಳ ಹೋಯಿತು, ಕೆಂಪು ಬಂತು, ಹುಳ ಮುಟ್ಟದ ಬೀಜ ಬಂತು. ಮುಂದಿನ ವರ್ಷ ಅದರ ಸುತ್ತ ಮೂರು ಮೂರು ಎಲೆ ಬಿಟ್ಟ ಸಸಿಗಳು ಎದ್ದವು. ಆ ಬೀಜದ ಸುದ್ದಿ ಬಲ್ಲವರ ಕಿವಿಗೆ ಬಿತ್ತು. ಅವರು ಅಳೆದು ತೂಗಿ ಮಕ್ಕಳ ಹೊಟ್ಟೆಗೂ ಕೊಟ್ಟರು. ಈಗಲೂ ದೊಡ್ಡ ದೊಡ್ಡ ಓದು ಓದಿದವರು ಅದನ್ನು ಅರೆದು, ಸೋಸಿ, ಯಾವ ಹುಳಕ್ಕೆ ಎಷ್ಟು, ಯಾವ ಮೈಗೆ ಎಷ್ಟು ಎಂದು ಅಳೆಯುತ್ತ ಕೂತಿದ್ದಾರೆ. ಅಳೆಯಲಿ. ಮಣ್ಣವ್ವ ಹಾಕಿದ ಷರತ್ತೇ ಅದು.

ಶಿವರಾತ್ರಿ ಕಳೆದ ಮೇಲೆ ನೀನೇ ಹೋಗಿ ನೋಡು: ಮುತ್ತುಗದ ಮರ ಮೈತುಂಬ ಕೆಂಡ ಹೊತ್ತು ನಿಂತಿರುತ್ತದೆ, ಗಿಳಿ ಗೊರವಂಕ ಗದ್ದಲ ಮಾಡುತ್ತಿರುತ್ತವೆ, ಹೂವಿಗೆ ಮೂಗು ಹಚ್ಚಿದರೆ ಮಾತ್ರ ಏನೂ ಸಿಗುವುದಿಲ್ಲ, ಕಾಯಿ ಬಲಿತರೆ ಅದರ ತುದಿಯಲ್ಲಿ ಒಂದೇ ಬೀಜ, ಆಮೇಲೆ ಮೊದಲ ಮಳೆಯ ನಾಲ್ಕು ಹನಿ ಬಿದ್ದು ಊರಿಗೆ ಊರೇ ಮೂಗು ನೆಲದ ಕಡೆ ತಿರುಗಿಸಿದಾಗ ಸಿಗುವ ಪರಿಮಳವೇ ಮಣ್ಣವ್ವನ ಪಾಲಿಗೆ ಬಂದ ಪೂರ್ತಿ ಹನ್ನೆರಡು ಕೊಳಗ.